ತಾಯಿಯನ್ನು ನೋಡಿ ತಂದ ಹೋರಿ

ಬೀಜದ ಹೋರಿ ಸಾಕಿ ಊರಿನ ಹಸುಗಳಿಗೆ ಕೊಡುತ್ತೇವೆ ಎಂದಾಗ ಮೊದಲು ಕೇಳಿಬಂದ ಮಾತು, "ಅದಕ್ಕೆ ಹೆಂಗಸೇ ಬೇಕಾಗಿತ್ತೇ?" ಎಂಬುದು. ಇದರಲ್ಲಿ ಸಂಕೋಚಪಡುವಂಥದ್ದು ನನಗೆ ಏನೂ ಕಾಣಲಿಲ್ಲ. ಮಲೆನಾಡಿನ ಮನೆಗಳಲ್ಲಿ ಬೆಳಗಾಗುತ್ತಲೇ ಕೊಟ್ಟಿಗೆಗೆ ಕಾಲಿಡುವವಳು ಹೆಂಗಸು. ಯಾವ ಹಸು ಹಾಲು ಇಳಿಸಲಿಲ್ಲ, ಯಾವುದು ಅಕ್ಕಚ್ಚು ಮುಟ್ಟಲಿಲ್ಲ, ಯಾವುದರ ಬಾಲಕ್ಕೆ ಲೋಳೆ ಅಂಟಿದೆ ಎಂಬುದೆಲ್ಲ ಗೊತ್ತಾಗುವುದು ಅವಳಿಗೇ. ಹಸು ಬೆದೆಗೆ ಬಂದಿದೆಯೆಂದು ಹೇಳುವವಳು ಅವಳಾದರೆ ಹೋರಿಯ ವಿಷಯ ಮಾತ್ರ ಗಂಡಸರದ್ದು ಹೇಗಾಗುತ್ತದೆ?

ನಮ್ಮದು ಹೊಸನಗರ ತಾಲ್ಲೂಕು. ಒಂದಿಷ್ಟು ಅಡಿಕೆ ತೋಟ, ಸ್ವಲ್ಪ ಗದ್ದೆ, ಮೇಲ್ಗಡೆ ಸೊಪ್ಪಿನ ಬೆಟ್ಟ. ಕೊಟ್ಟಿಗೆಯಲ್ಲಿರುವುದು ಮಲೆನಾಡು ಗಿಡ್ಡ. ಹಾಲಿಗಿಂತ ಗೊಬ್ಬರಕ್ಕೆಂದು ಸಾಕಿದವೇ ಹೆಚ್ಚು. ನೂರು ಕಿಲೋ ಆಸುಪಾಸು ತೂಗುವ ಈ ಪುಟ್ಟ ಹಸು ಎಡೆಬಿಡದ ಮಳೆಯಲ್ಲಿ ಗುಡ್ಡ ಹತ್ತಿ ಮೇದು ಬರುತ್ತದೆ. ಗೊರಸು ಕೊಳೆಯುವುದು ಅಪರೂಪ. ಸರಿಯಾಗಿ ನೋಡಿಕೊಂಡರೆ ವರ್ಷಕ್ಕೊಂದು ಕರು ಹಾಕುತ್ತದೆ. ಅದಕ್ಕೇ ಹಳಬರು ಇದನ್ನು ವರ್ಷಗಂಧಿ ಎಂದು ಕರೆಯುತ್ತಿದ್ದರು. ಜಾನುವಾರು ತಳಿಗಳನ್ನು ನೋಂದಾಯಿಸುವ, ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಸಂಸ್ಥೆ ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದ್ದು 2012ರಲ್ಲಿ. ಅಲ್ಲಿಯವರೆಗೆ ಕಾಗದದ ಮೇಲೆ ಇದು ಯಾವ ತಳಿಗೂ ಸೇರದ ನಾಟಿ ದನ ಮಾತ್ರವಾಗಿತ್ತು.

ತಳಿಗೆ ಮಾನ್ಯತೆ ಬಂತು, ಆದರೆ ಊರಿನಲ್ಲಿ ಹೋರಿ ಇರಲಿಲ್ಲ. ಹಿಂದೆ ದೇವಸ್ಥಾನಕ್ಕೆ ಬಿಟ್ಟ ಬಸವ ಇರುತ್ತಿತ್ತು. ಯಾರ ಗದ್ದೆಗೆ ನುಗ್ಗಿದರೂ ಬೈದು ಅಟ್ಟುತ್ತಿದ್ದರೇ ಹೊರತು ಹೊಡೆಯುತ್ತಿರಲಿಲ್ಲ. ಚೆಂದದ ಕರುವನ್ನೇ ಆರಿಸಿ ಬಿಡುತ್ತಿದ್ದುದರಿಂದ ತಳಿಯೂ ಉಳಿಯುತ್ತಿತ್ತು. ಟಿಲ್ಲರ್ ಬಂದ ಮೇಲೆ ಎತ್ತು ಬೇಡವಾಯಿತು, ಎತ್ತು ಬೇಡವಾದ ಮೇಲೆ ಗಂಡು ಕರುವೂ ಬೇಡವಾಯಿತು. ಮೇವಿನ ಬೇಣಗಳಲ್ಲಿ ಅಕೇಶಿಯಾ ಎದ್ದಿತು. ಯಾರೂ ಆರಿಸದೆ ಉಳಿದುಕೊಂಡ ಒಂದೆರಡು ಪುಡಿ ಹೋರಿಗಳು ಕಾಡಿನಲ್ಲಿ ಅಕ್ಕ, ತಂಗಿ, ತಾಯಿ ಎನ್ನದೆ ಹಾರುತ್ತಿದ್ದವು. ಹುಟ್ಟಿದ ಕರುಗಳು ತಲೆಮಾರಿನಿಂದ ತಲೆಮಾರಿಗೆ ಸಣ್ಣಗಾಗುತ್ತಾ ಬಂದವು. ಒಂದು ಲೋಟ ಹಾಲು ಕೊಡುವ ಹಸುವನ್ನು ನೋಡಿ "ಗಿಡ್ಡ ಎಂದರೆ ಇಷ್ಟೇ" ಎನ್ನುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ದಿನಕ್ಕೆ ಮೂರು ಲೀಟರ್ ಹಾಲು ಕರೆಯುವ ಗಿಡ್ಡವನ್ನು ನಾನು ತವರಿನಲ್ಲಿ ನೋಡಿದ್ದೆ.

ಕೃತಕ ಗರ್ಭಧಾರಣೆಗೆ ನಾನು ವಿರೋಧಿಯಲ್ಲ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿಟ್ಟ ಬೀಜದ ಕಡ್ಡಿ ಒಳ್ಳೆಯ ಹೋರಿಯನ್ನು ನೂರಾರು ಊರುಗಳಿಗೆ ಮುಟ್ಟಿಸಿದೆ. ರೋಗ ಹರಡದಂತೆ ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ನಮ್ಮ ಕಷ್ಟ ಬೇರೆ. ಗಿಡ್ಡದ ಬೆದೆ ಗಟ್ಟಿಯಾಗಿ ಕೂಗಿ ತಿಳಿಸುವಂಥದ್ದಲ್ಲ, ಹೆಚ್ಚು ಹೊತ್ತು ಇರುವಂಥದ್ದೂ ಅಲ್ಲ. ಬೆಳಗ್ಗೆ ಬೆದೆ ಕಂಡರೆ ಸಂಜೆಯೊಳಗೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಸೂಜಿ ಹಾಕಿಸಬೇಕು ಎನ್ನುವುದು ಲೆಕ್ಕ. ಆಷಾಢದ ಮಳೆಯಲ್ಲಿ ಹಳ್ಳ ತುಂಬಿ, ಮೊಬೈಲ್ ಸಿಗ್ನಲ್ ಸತ್ತಿರುವಾಗ ಆ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ. ಹೇಗೋ ಬಂದವರ ಬಳಿ ಗಿಡ್ಡದ ಕಡ್ಡಿ ಇರುವುದು ಅಪರೂಪ. ಇರುವುದು ದೊಡ್ಡ ಮೈಯ ವಿದೇಶಿ ತಳಿಗಳದು, ಜರ್ಸಿ ಇಲ್ಲವೇ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್). ಗಿಡ್ಡದ ಕರು ಹುಟ್ಟುವಾಗ ಹತ್ತು ಕಿಲೋ ಆಸುಪಾಸು ತೂಗುತ್ತದೆ, ಜರ್ಸಿ ಮಿಶ್ರತಳಿಯದು ಅದಕ್ಕಿಂತ ಎಷ್ಟೋ ದೊಡ್ಡದು. ನೆರೆಮನೆಯ ಕಡಸಿಗೆ ಹೀಗೆ ಜರ್ಸಿ ಕೊಡಿಸಿ, ಚೊಚ್ಚಲ ಹೆರಿಗೆಯಲ್ಲಿ ಕರು ಸಿಕ್ಕಿಕೊಂಡು, ರಾತ್ರಿಯೆಲ್ಲ ನಾಲ್ಕು ಜನ ಹಿಡಿದು ಎಳೆಯಬೇಕಾಯಿತು. ಕರು ಉಳಿಯಲಿಲ್ಲ. ಕಡಸು ಎದ್ದಿತು, ಆದರೆ ಮತ್ತೆ ಗಬ್ಬ ನಿಲ್ಲಲಿಲ್ಲ. ಹೋರಿ ತರುವ ಮಾತು ನಮ್ಮ ಮನೆಯಲ್ಲಿ ಗಟ್ಟಿಯಾದದ್ದು ಆ ಮಳೆಗಾಲದಲ್ಲೇ.

ಹೋರಿ ಹುಡುಕಲು ಹೊರಟಾಗ ನಾನು ಒಂದು ನಿಯಮ ಹಾಕಿಕೊಂಡಿದ್ದೆ. ತಾಯಿಯನ್ನು ಕಣ್ಣಾರೆ ನೋಡದೆ, ಅದರ ಹಾಲನ್ನು ಅಳೆದು ನೋಡದೆ ಮಗನನ್ನು ತರುವುದಿಲ್ಲ. ಹೋರಿ ಹಾಲು ಕೊಡುವುದಿಲ್ಲ, ಆದರೆ ಅದರ ಹೆಣ್ಣುಕರುಗಳಿಗೆ ಹಾಲಿನ ಗುಣದ ಅರ್ಧ ಪಾಲು ಬರುವುದು ಅದರಿಂದಲೇ. ಒಂದು ಹಸು ಹೆಚ್ಚೆಂದರೆ ವರ್ಷಕ್ಕೊಂದು ಕರು ಕೊಡುತ್ತದೆ. ಒಂದು ಹೋರಿ ಇಡೀ ಊರಿನ ಮುಂದಿನ ತಲೆಮಾರನ್ನೇ ರೂಪಿಸುತ್ತದೆ. ಕೆಟ್ಟ ಹಸು ತಂದರೆ ನಷ್ಟ ನಮ್ಮೊಬ್ಬರದು, ಕೆಟ್ಟ ಹೋರಿ ತಂದರೆ ನಷ್ಟ ಎಲ್ಲರದು. ಕುಣಿಗಲ್ಲಿನ ಕುದುರೆ ಫಾರಂನಂಥ ಕಡೆ ಬೀಜದ ಕುದುರೆಯ ಅಜ್ಜ, ಮುತ್ತಜ್ಜ, ಅವರ ತಾಯಂದಿರು ಎಲ್ಲರ ಹೆಸರೂ ಪುಸ್ತಕದಲ್ಲಿರುತ್ತದೆ. ಅದನ್ನು ನೋಡದೆ ಯಾರೂ ತಮ್ಮ ಹೆಣ್ಣು ಕುದುರೆಯನ್ನು ಕರೆತರುವುದಿಲ್ಲ. ಅಜ್ಜಂಪುರದ ಅಮೃತ ಮಹಲ್ ಕೇಂದ್ರದಲ್ಲೂ ರಾಸುಗಳ ದಾಖಲೆ ಇಡುತ್ತಾರೆ. ಅರಮನೆಯ ಆಶ್ರಯ ಕಂಡ ತಳಿಗಳಿಗೆ ಸಿಕ್ಕ ಈ ಮರ್ಯಾದೆ ನಮ್ಮ ಕೊಟ್ಟಿಗೆಯ ಗಿಡ್ಡಕ್ಕೂ ಸಿಗಬೇಕು ಎಂಬುದು ನನ್ನ ಹಟ.

ತಿಂಗಳುಗಟ್ಟಲೆ ಹುಡುಕಿದೆವು. ಚೆಂದದ ಹೋರಿಗಳು ಕಂಡವು. ಮೈ ಮಿರಿಮಿರಿ ಮಿಂಚುವಂಥವು, ಕೋಡು ತಿದ್ದಿದಂತಿರುವಂಥವು. ತಾಯಿ ಎಲ್ಲಿ ಎಂದರೆ "ಅದು ಹೋಗಿ ಎಷ್ಟೋ ಕಾಲವಾಯಿತು" ಎಂಬ ಉತ್ತರ. ಕೊನೆಗೆ ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆಯಲ್ಲಿ, ಎರಡು ಹಲ್ಲು ಹಾಕುತ್ತಿದ್ದ ಕಪ್ಪು ಹೋರಿಯೂ ಅದರ ತಾಯಿಯೂ ಒಟ್ಟಿಗೆ ಸಿಕ್ಕವು. ನಾನು ಹೋರಿಯ ಬಳಿ ನಿಲ್ಲದೆ ಹಸುವಿನ ಕೆಚ್ಚಲು ನೋಡತೊಡಗಿದಾಗ ಮನೆಯ ಯಜಮಾನರು, "ಏನಮ್ಮಾ, ಹೋರಿ ಕೊಳ್ಳಲು ಬಂದವರು ಹಸುವನ್ನು ವ್ಯಾಪಾರ ಮಾಡುವ ಹಾಗೆ ಕಾಣುತ್ತದಲ್ಲ" ಎಂದರು. ಅವರ ತಾಯಿಗೆ ಮಾತ್ರ ವಿಷಯ ತಕ್ಷಣ ತಿಳಿಯಿತು. "ಅವಳು ನೋಡುವುದು ಸರಿಯಾಗಿದೆ, ನೀನು ಸುಮ್ಮನಿರು" ಎಂದು ಮಗನನ್ನು ಗದರಿ, ಆ ಹಸುವಿನ ತಾಯಿ, ಅಜ್ಜಿ, ಯಾವ ಕರು ಯಾವ ಮನೆಗೆ ಹೋಯಿತು ಎಂಬುದನ್ನೆಲ್ಲ ಬಾಯಿಪಾಠದಂತೆ ಹೇಳಿದರು. ಆ ಅಜ್ಜಿಯ ಎದುರೇ ಕುಳಿತು ನಾನು ಬರೆದುಕೊಂಡೆ. ನಮ್ಮ ಪುಸ್ತಕದ ಮೊದಲ ಪುಟ ಅದು.

ಸಂಜೆಯ ಹಾಲನ್ನೂ ಮರುದಿನ ಬೆಳಗಿನ ಹಾಲನ್ನೂ ಅಳತೆಯ ಪಾತ್ರೆಯಲ್ಲಿ ಕರೆಸಿ ನೋಡಿದೆವು. ಕರುವಿಗೆ ಬಿಟ್ಟು ಉಳಿದದ್ದೇ ಮೂರು ಲೀಟರಿಗೆ ಹತ್ತಿರವಿತ್ತು. ಕರೆಯುವಾಗ ಕಾಲು ಕಟ್ಟಬೇಕಾಗಲಿಲ್ಲ. ಇದನ್ನು ನಾನು ಹಾಲಿನಷ್ಟೇ ಮುಖ್ಯವೆಂದು ಎಣಿಸುತ್ತೇನೆ. ಗುಣವೂ ರಕ್ತದಲ್ಲಿ ಬರುವಂಥದ್ದು, ಒದೆಯುವ ಹಸುವನ್ನು ಕರೆಯಬೇಕಾದವಳೂ ಹೆಂಗಸೇ. ಆಮೇಲೆ ಹೋರಿಯನ್ನು ನೋಡಿದೆವು. ವೃಷಣಗಳು ಎರಡೂ ಕೆಳಗಿಳಿದು ಸಮನಾಗಿವೆಯೇ, ನಡೆಯುವಾಗ ಹಿಂಗಾಲು ತಾಗುತ್ತದೆಯೇ, ಬೆನ್ನು ನೇರವಿದೆಯೇ ಎಂದು. ಹಾರುವಾಗ ಹೋರಿಯ ಭಾರವೆಲ್ಲ ಬೀಳುವುದು ಹಿಂಗಾಲಿನ ಮೇಲೆ. ಅದು ಸೊಟ್ಟಗಿದ್ದರೆ ಉಳಿದ ಲಕ್ಷಣವೆಲ್ಲ ವ್ಯರ್ಥ.

ಮುಂಗಡ ಕೊಟ್ಟು ಹೋರಿಯನ್ನು ಅಲ್ಲಿಯೇ ಬಿಟ್ಟು ಬಂದೆವು. ಪರೀಕ್ಷೆ ಮುಗಿಯದೆ ಅದನ್ನು ನಮ್ಮ ಕೊಟ್ಟಿಗೆಗೆ ಸೇರಿಸಬಾರದು ಎಂದು ಪಶುವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕುವಂತೆ ಮಾಡುವ ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ರಕ್ತಪರೀಕ್ಷೆ. ಕ್ಷಯಕ್ಕೆ ಕುತ್ತಿಗೆಯ ಚರ್ಮದಲ್ಲಿ ಚುಚ್ಚುಮದ್ದು ಕೊಟ್ಟು 72 ಗಂಟೆಗಳ ನಂತರ ಊತವಿದೆಯೇ ಎಂದು ಅಳೆಯುವ ಪರೀಕ್ಷೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಿ, ವೀರ್ಯದ ಗುಣಮಟ್ಟವನ್ನು ಹೇಗೆ ನೋಡಿಸಬೇಕೆಂದು ತಿಳಿದುಕೊಂಡೆವು. ಹೋರಿ ಇನ್ನೂ ಯಾವ ಹಸುವಿಗೂ ಹೋಗಿರಲಿಲ್ಲ, ಅದು ದೊಡ್ಡ ಅನುಕೂಲ. ಹೋರಿಯಿಂದ ಹಸುವಿಗೆ, ಹಸುವಿನಿಂದ ಹೋರಿಗೆ ದಾಟುವ ಕೆಲವು ಸೋಂಕುಗಳು ಹೋರಿಯ ಮೈಮೇಲೆ ಯಾವ ಗುರುತನ್ನೂ ತೋರಿಸುವುದಿಲ್ಲ. ಅಂಥ ಹೋರಿ ನೋಡಲು ದಷ್ಟಪುಷ್ಟವಾಗಿಯೇ ಇದ್ದು ಊರಿನ ಹಸುಗಳೆಲ್ಲ ಕಂದು ಹಾಕುವಂತೆ ಮಾಡಬಲ್ಲದು. ನಾಲ್ಕು ಊರು ಸುತ್ತಿದ, ಅನುಭವದ ಹೋರಿಯೇ ಒಳ್ಳೆಯದು ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ವರದಿಗಳು ಸರಿ ಬಂದ ಮೇಲೆ ಆ ಕಪ್ಪು ಹೋರಿ, ನಮ್ಮ ಕಪ್ಪ, ಮನೆಗೆ ಬಂದ. ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮೊದಲು ಗಳಲೆ, ಚಪ್ಪೆ ರೋಗದವು, ನಿಯಮದಂತೆ ಜಂತಿನ ಔಷಧ. ಮೇವಿನ ವಿಷಯದಲ್ಲಿ ಅತ್ತೆಗೂ ನನಗೂ ವಾದ ನಡೆಯಿತು. ಹೋರಿಗೆ ಚೆನ್ನಾಗಿ ತಿನ್ನಿಸಿ ಕೊಬ್ಬಿಸಬೇಕು ಎನ್ನುವುದು ಅವರ ಮತ, ಕೊಬ್ಬಿದ ಹೋರಿ ಸೋಮಾರಿಯಾಗುತ್ತದೆ ಎನ್ನುವುದು ವೈದ್ಯರ ಮಾತು. ಭತ್ತದ ಹುಲ್ಲು, ಹಸಿಹುಲ್ಲು, ಬೇಯಿಸಿದ ಹುರುಳಿ ಒಂದಿಷ್ಟು, ಖನಿಜ ಮಿಶ್ರಣ, ದಿನಾ ನಡೆದಾಟ ಎಂದು ಕೊನೆಗೆ ಇಬ್ಬರೂ ಒಪ್ಪಿಕೊಂಡೆವು. ಅಂಗಳದ ಜಂಬಿಟ್ಟಿಗೆ ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಅಲ್ಲಿ ಹೋರಿ ಕೊಡಿಸಿದರೆ ಹಸುವಿನ ಸೊಂಟ ಮುರಿದೀತು. ಹಾಗಾಗಿ ಕೊಟ್ಟಿಗೆಯ ಪಕ್ಕದಲ್ಲಿ ಸಮತಟ್ಟಾದ ಮಣ್ಣಿನ ಜಾಗ ಮಾಡಿ, ಮೇಲೆ ಮಾಡು ಹಾಕಿ, ದರಗು ಹರಡಿದೆವು. ಒಂದು ಬದಿಯಲ್ಲಿ ಮೊಣಕಾಲುದ್ದದ ತಗ್ಗನ್ನೂ ತೆಗೆಸಿದೆವು. ಮಿಶ್ರತಳಿಯ ಎತ್ತರದ ಹಸುವನ್ನು ತಗ್ಗಿನಲ್ಲಿ ನಿಲ್ಲಿಸಿದರೆ ಗಿಡ್ಡದ ಹೋರಿಗೂ ಎಟುಕುತ್ತದೆ.

ಇನ್ನು ದುಡ್ಡಿನ ಮಾತು. ಹೋರಿ ಕೊಟ್ಟು ಹಣ ತೆಗೆದುಕೊಳ್ಳುವುದು ಪಾಪವೆಂದು ನಮ್ಮಲ್ಲಿ ಬಲವಾದ ನಂಬಿಕೆಯಿದೆ. ಅತ್ತೆಗೂ ಇತ್ತು. ಪುಕ್ಕಟೆ ಕೊಟ್ಟದ್ದಕ್ಕೆ ಜನ ನಿಯಮ ಪಾಲಿಸುವುದಿಲ್ಲ ಎಂಬುದು ನನ್ನ ಅನುಭವ. ಕೊನೆಗೆ ಹಣದ ಬದಲು ಹುರುಳಿಯೋ ಹಿಂಡಿಯೋ ತರಬೇಕು ಎಂದು ಗೊತ್ತು ಮಾಡಿದೆವು. 21 ದಿನಗಳ ನಂತರ ಹಸು ತಿರುಗಿ ಬೆದೆಗೆ ಬಂದರೆ ಎರಡನೆಯ ಸಲಕ್ಕೆ ಏನೂ ಬೇಡ. ಆದರೆ ಕರು ಹುಟ್ಟಿದ ಸುದ್ದಿಯನ್ನು ಕಡ್ಡಾಯವಾಗಿ ತಿಳಿಸಬೇಕು. ಹಿಂಡಿಗಿಂತ ನನಗೆ ಬೇಕಾಗಿದ್ದದ್ದು ಆ ಸುದ್ದಿ.

ಹಾಲಿನ ಡೇರಿಯಲ್ಲಿ ವಿಷಯ ಹೇಳಿದ್ದೇ ತಡ, ಮನೆಯ ಮುಂದೆ ಹಸುಗಳು ಬರತೊಡಗಿದವು. ಹೆಚ್ಚಿನವರು ತಡವಾಗಿ ತರುತ್ತಿದ್ದರು. ಹಸು ಹಗಲು ಬೆದೆ ತೋರಿಸಿ, ರಾತ್ರಿ ಸುಮ್ಮನಾಗಿ, ಮರುದಿನ ಲೋಳೆಯಲ್ಲಿ ರಕ್ತದ ಎಳೆ ಕಂಡ ಮೇಲೆ ಹಗ್ಗ ಹಿಡಿದು ಹೊರಡುವುದು. ರಕ್ತ ಕಂಡಿತೆಂದರೆ ಹೊತ್ತು ಮೀರಿದೆ. ಅಂಥ ಹಸು ನಿಲ್ಲುವುದೂ ಇಲ್ಲ, ಅಟ್ಟಾಡಿಸಿದರೆ ಹೋರಿಗೆ ಪೆಟ್ಟಾಗುತ್ತದೆ. ಹೀಗೆ ವಾಪಸು ಕಳುಹಿಸಿದ ಮನೆಗಳ ಹೆಂಗಸರ ಜೊತೆಗೇ ನಾನು ಮಾತಾಡಿದೆ. ಇನ್ನೊಂದು ಹಸು ಮೈಮೇಲೆ ಹಾರಿದಾಗ ಕದಲದೆ ನಿಲ್ಲುವ ಹೊತ್ತೇ ಸರಿಯಾದ ಹೊತ್ತು, ಇವತ್ತಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮೂರು ವಾರಕ್ಕೆ ಮತ್ತೆ ನೋಡಿ ಎಂದೆ. ಒಬ್ಬ ಅಜ್ಜಿ ಅಡಿಕೆ ಸುಲಿಯುವ ಲೆಕ್ಕದ ಪಕ್ಕದಲ್ಲೇ ಹಸುವಿನ ಲೆಕ್ಕವನ್ನೂ ಬರೆಯಿಸಿಕೊಂಡರು. ಮುಂದಿನ ಸಲ ಅವರ ಹಸು ಬಂದದ್ದು ಹೊತ್ತಿಗೆ ಸರಿಯಾಗಿ. ಕಪ್ಪನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೇ ಸಲಕ್ಕೆ ಗಬ್ಬ ನಿಂತಿತು. ಎಳೆಯ ಹೋರಿಯಾದ್ದರಿಂದ ಮೊದಲ ವರ್ಷ ವಾರಕ್ಕೆ ಎರಡಕ್ಕಿಂತ ಹೆಚ್ಚು ಹಸುಗಳಿಗೆ ಬಿಡಲಿಲ್ಲ. ಅದಕ್ಕಾಗಿ ಕೆಲವರ ಬೇಸರವನ್ನೂ ಕಟ್ಟಿಕೊಂಡೆವು.

ಎಲ್ಲಕ್ಕಿಂತ ಕಠಿಣವಾದದ್ದು ನಮ್ಮ ದಾಯಾದಿ ಭಾವನವರ ಹಸುವಿನ ಪ್ರಸಂಗ. ಅದು ಹಿಂದಿನ ಸಲ ಏಳು ತಿಂಗಳಿಗೇ ಕಂದು ಹಾಕಿತ್ತು, ಮಾಸು ಬಿದ್ದಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ. ಅವರು ಹಸುವನ್ನು ಹೊಡೆದುಕೊಂಡು ಬಂದಾಗ ನಾನು ಉಣುಗೋಲು ತೆಗೆಯಲಿಲ್ಲ. "ಭಾವ, ರಕ್ತಪರೀಕ್ಷೆ ಮಾಡಿಸಿ ತನ್ನಿ, ಆಮೇಲೆ ನೋಡೋಣ" ಎಂದೆ. ಅವರ ಮುಖ ಕಪ್ಪಿಟ್ಟಿತು. "ನನ್ನ ಕೊಟ್ಟಿಗೆಯ ಹಸುವಿಗೆ ನಿನ್ನ ಹೋರಿ ಇಲ್ಲ ಎನ್ನುತ್ತೀಯೇನು ತಂಗೀ? ನಿನ್ನ ಮದುವೆಯಲ್ಲಿ ಚಪ್ಪರ ಹಾಕಿದವನು ನಾನು" ಎಂದರು. ಮಾತು ಚುಚ್ಚಿತು. ಆದರೂ ಒಪ್ಪಲಿಲ್ಲ. ಕಂದು ರೋಗ ದನಕ್ಕಷ್ಟೇ ಅಲ್ಲ, ಮನುಷ್ಯರಿಗೂ ತಗಲುತ್ತದೆ. ಬಿದ್ದ ಕಂದನ್ನು, ಮಾಸನ್ನು ಬರಿಗೈಯಲ್ಲಿ ಎತ್ತಿ ಹಾಕುವವರಿಗೆ, ಕಾಯಿಸದ ಹಾಲು ಕುಡಿಯುವ ಮಕ್ಕಳಿಗೆ ಅದು ಬಿಟ್ಟುಬಿಟ್ಟು ಬರುವ ಜ್ವರವಾಗಿ ಕಾಡುತ್ತದೆ. ಒಂದು ಹಸುವಿನ ದಾಕ್ಷಿಣ್ಯಕ್ಕೆ ಊರಿನ ಇಷ್ಟೂ ಕೊಟ್ಟಿಗೆಗಳನ್ನು ಪಣಕ್ಕಿಡಲು ನನಗೆ ಮನಸ್ಸಾಗಲಿಲ್ಲ. ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಬಂತು. ಅಷ್ಟಾದರೂ ಭಾವನವರು ನಮ್ಮ ಮನೆಯ ಮುಂದೆ ಹಾದುಹೋಗುವಾಗ ತಲೆ ತಿರುಗಿಸಿಕೊಂಡೇ ಹೋಗುತ್ತಿದ್ದರು. ಹಸುವನ್ನು ಮಗನ ಕೈಯಲ್ಲಿ ಕಳುಹಿಸಿದರು. ನಾಳೆ ಅಂಥದ್ದೇ ಹಸು ಬಂದರೆ ನಾನು ಅದೇ ಮಾತನ್ನೇ ಹೇಳುತ್ತೇನೆ.

ಚಳಿಗಾಲ ಕಳೆದು ಬೇಸಿಗೆ ಬರುವ ತಿಂಗಳುಗಳಲ್ಲಿ ಇನ್ನೊಂದು ಎಚ್ಚರ. ಮಂಗನ ಕಾಯಿಲೆ 1957ರಲ್ಲಿ ಗುರುತಾದದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಕಾಡಿನಿಂದ ಮನೆಯಂಗಳಕ್ಕೆ ಬರಲು ದನ ಒಂದು ದಾರಿ. ನಾಲ್ಕು ದಿಕ್ಕಿನ ಕಾಡಿನಲ್ಲಿ ಮೇಯುವ ಹಸುಗಳು ನಮ್ಮ ಅಂಗಳದಲ್ಲಿ ಸೇರುವುದರಿಂದ, ಕಿವಿಯೊಳಗೆ, ಕೆಚ್ಚಲ ಸಂದಿನಲ್ಲಿ ನೋಡಿ ಉಣುಗು ಬಿಡಿಸಿಯೇ ಒಳಗೆ ಬಿಡುತ್ತಿದ್ದೆವು. ಹಸು ತರುವವರಿಗೆ ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡು ಬನ್ನಿ ಎಂದು ಹೇಳುತ್ತಿದ್ದೆವು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹಬ್ಬಿದಾಗ ಹೋರಿ ಕೊಡುವುದನ್ನೇ ನಿಲ್ಲಿಸಿದೆವು.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಹಸುವಿನ ಬಿಲ್ಲೆ ಸಂಖ್ಯೆ, ಯಾರ ಮನೆಯದು, ಎಷ್ಟನೆಯ ಕರು, ಹಿಂದಿನ ಸೂಲಿನಲ್ಲಿ ಎಷ್ಟು ಹಾಲು, ಹೋರಿ ಕೊಟ್ಟ ದಿನ. ಅಲ್ಲಿಂದ ಒಂಬತ್ತು ತಿಂಗಳು ಒಂಬತ್ತು ದಿನದ ಆಚೀಚೆ ಕರು. ಕರು ಹೆಣ್ಣೋ ಗಂಡೋ, ಬಣ್ಣ, ಹುಟ್ಟುವಾಗ ತೊಂದರೆಯಾಯಿತೇ. ಹೆಣ್ಣಾದರೆ ಅದು ಮೊದಲ ಸಲ ಬೆದೆಗೆ ಬಂದದ್ದು ಯಾವಾಗ. ಇಷ್ಟು ಬರೆಯಲು ಯಾವ ದೊಡ್ಡ ವಿದ್ಯೆಯೂ ಬೇಡ. ಆದರೆ ಇದಿಲ್ಲದಿದ್ದರೆ ಒಳ್ಳೆಯ ಹೋರಿಯೇ ಊರಿಗೆ ಕೆಡುಕಾಗುತ್ತದೆ. ಕಪ್ಪನ ಮಗಳು ದೊಡ್ಡವಳಾಗಿ ಬೆದೆಗೆ ಬಂದಾಗ ಮಾಲೀಕ ಅದನ್ನು ಮತ್ತೆ ಕಪ್ಪನ ಬಳಿಗೇ ತರುತ್ತಾನೆ, ಏಕೆಂದರೆ ಊರಿನಲ್ಲಿರುವುದು ಅವನೊಬ್ಬನೇ. ತಂದೆಗೂ ಮಗಳಿಗೂ ಹುಟ್ಟಿದ ಕರುವಿನಲ್ಲಿ ಒಳತಳಿಯ (ಹತ್ತಿರದ ರಕ್ತಸಂಬಂಧದ ಕೂಡಿಕೆಯ) ಪ್ರಮಾಣ ಶೇ 25. ಕಾಡಿನ ಪುಡಿ ಹೋರಿಗಳಿಂದ ಆದ ಹಾನಿ ಇದೇ. ಹಾಲು ಇಳಿಯುವುದು, ಗಬ್ಬ ನಿಲ್ಲದಿರುವುದು, ಬಲವಿಲ್ಲದ ಕರು. ಅದನ್ನು ತಪ್ಪಿಸಲೆಂದು ಹೋರಿ ತಂದು, ಅದನ್ನೇ ನಾವೂ ಮಾಡಿದರೆ ಏನು ಬಂತು?

ಮೂರನೆಯ ವರ್ಷ ಮೊದಲ ಹೆಣ್ಣುಕರುಗಳು ಕಡಸುಗಳಾಗಿ ತಿರುಗಾಡತೊಡಗಿದಾಗ ಪುಸ್ತಕ ತೆರೆದು ನೋಡಿದೆ. ಕಪ್ಪ ಹೊರಡುವ ಕಾಲ ಬಂದಿತ್ತು. ಊರವರು ಯಾರೂ ಒಪ್ಪಲಿಲ್ಲ. ಮಗು ಹಿಡಿದರೂ ಸುಮ್ಮನೆ ಬರುವ ಹೋರಿ, ಕೊಟ್ಟದ್ದೆಲ್ಲ ಗಬ್ಬ ಕಟ್ಟುತ್ತಿದೆ, ಕಳುಹಿಸುವುದೇಕೆ ಎಂದು ಜಗಳಕ್ಕೇ ಬಂದರು. ಹೋರಿಗೆ ಹಿಂಡಿ ತಂದುಕೊಟ್ಟ ಪ್ರತಿಯೊಬ್ಬರಿಗೂ ಆ ಮಾತಾಡುವ ಹಕ್ಕಿತ್ತು. ನಾನು ಎಲ್ಲರನ್ನೂ ಜಗುಲಿಯಲ್ಲಿ ಕೂರಿಸಿ, ಪುಸ್ತಕದಿಂದ ಒಬ್ಬೊಬ್ಬರ ಕಡಸಿನ ಹೆಸರನ್ನೂ ಅದರ ಅಪ್ಪನ ಹೆಸರನ್ನೂ ಓದಿದೆ. ಕೆಂಪಿ, ಅಪ್ಪ ಕಪ್ಪ. ಗೌರಿ, ಅಪ್ಪ ಕಪ್ಪ. ತುಂಗೆ, ಅಪ್ಪ ಕಪ್ಪ. ಓದುತ್ತಾ ಹೋದ ಹಾಗೆ ಮಾತು ನಿಂತಿತು. "ಹಾಗಾದರೆ ಬದಲಿಗೆ ಯಾವುದನ್ನು ತರುತ್ತೀಯಮ್ಮ?" ಎಂದು ಕೇಳಿದವರು ದಾಯಾದಿ ಭಾವನವರು. ಎಷ್ಟೋ ಕಾಲದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಸಾಗರದ ಕಡೆಯ ಒಂದು ಊರಿನವರು ನಮ್ಮ ಹಾಗೆಯೇ ಹೋರಿ ಇಟ್ಟಿದ್ದರು. ಅವರಿಗೂ ಅದೇ ತೊಡಕು. ಎರಡೂ ಹೋರಿಗಳಿಗೆ ಹೊಸದಾಗಿ ರಕ್ತಪರೀಕ್ಷೆ ಮಾಡಿಸಿ, ಅದಲು ಬದಲು ಮಾಡಿಕೊಂಡೆವು. ಹಣದ ವ್ಯವಹಾರವಿಲ್ಲ. ಹೋರಿಯ ಜೊತೆ ಅದರ ಪುಟಗಳ ನಕಲೂ ಹೋಗಬೇಕು ಎಂಬುದೊಂದೇ ಷರತ್ತು. ಕಪ್ಪನನ್ನು ವ್ಯಾನಿಗೆ ಹತ್ತಿಸುವಾಗ ಅತ್ತೆ ಕುಂಕುಮವಿಟ್ಟು, ಬೆಲ್ಲ ತಿನ್ನಿಸಿ, ಒಳಗೆ ಹೋಗಿ ಅತ್ತರು.

ಈಗ ಕೊಟ್ಟಿಗೆಯಲ್ಲಿರುವುದು ಕಂದು ಬಣ್ಣದ್ದು, ಕಪ್ಪನಿಗಿಂತ ತುಸು ಗಿಡ್ಡ, ಎದೆ ಅಗಲ. ಸ್ವಲ್ಪ ಸಿಡುಕು ಸ್ವಭಾವ, ಹಾಗಾಗಿ ಗುರುತಿರುವವರು ಮಾತ್ರ ಹಗ್ಗ ಹಿಡಿಯುತ್ತೇವೆ. ಅದರ ತಾಯಿಯ ಹಾಲನ್ನು ಅವರ ಮನೆಗೇ ಹೋಗಿ ಅಳೆದು ಬಂದಿದ್ದೇನೆ. ಕಪ್ಪನ ಮಗಳು ತುಂಗೆ ಇದರಿಂದ ಗಬ್ಬವಾಗಿದ್ದಾಳೆ. ಅವಳಿಗೆ ಗಂಡು ಕರು ಹುಟ್ಟಿ, ಅವಳ ಹಾಲು ಅಳತೆಯಲ್ಲಿ ನಿಂತರೆ ಆ ಕರುವಿನ ಬೀಜ ಒಡೆಸಬೇಡಿ ಎಂದು ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ. ತೀರ್ಥಹಳ್ಳಿಯ ಆ ಒಂಟಿಮನೆಯವರು ತಮ್ಮ ಹಸುಗಳಿಗೆ ಹೋರಿ ಬೇಕೆಂದು ಕೇಳಿದ್ದಾರೆ. ಆದರೆ ತುಂಗೆಯ ಮಗನನ್ನು ಅಲ್ಲಿಗೆ ಕೊಡುವಂತಿಲ್ಲ. ಅಲ್ಲಿಯದು ಅವನ ಮುತ್ತಜ್ಜಿಯ ಕೊಟ್ಟಿಗೆ. ಅವರಿಗೆ ಸಾಗರದ ಕಡೆಯಿಂದಲೇ, ನಮ್ಮ ರಕ್ತ ಸೇರದ ಇನ್ನೊಂದನ್ನು ಹುಡುಕುತ್ತಿದ್ದೇವೆ.